ಕತ್ತಿಗೆ ಹತ್ತುವ ತಾಮ್ರ ಮತ್ತು ಪರಮಾಣುವಿನ ಪಾಠ

ಮಳೆಗಾಲ ಹಿಡಿಯುವ ಮೊದಲು ಅಡಿಕೆ ತೋಟಕ್ಕೆ ಮದ್ದು ಬಿಡುವುದು ಕಾಸರಗೋಡಿನ ಕಡೆ ಎಲ್ಲರೂ ನೋಡಿದ ಕೆಲಸ. ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಆದೂರು ಎಲ್ಲಿ ಹೋದರೂ ಮೇ ಕೊನೆಗೆ ನೀಲಿ ಮೆತ್ತಿದ ಡ್ರಮ್ಮುಗಳು ಕಾಣುತ್ತವೆ. 1 ಕಿಲೋ ಮೈಲುತುತ್ತು (ಅಂದರೆ ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿಕೊಂಡು ಆಮೇಲೆ ಸೇರಿಸುತ್ತಾರೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಇದೇ. ಸುಣ್ಣ ಸಾಕಾಯಿತೋ ಇಲ್ಲವೋ ಎಂದು ತಿಳಿಯಲು ಹಳಬರಿಗೆ ಒಂದು ಉಪಾಯ ಗೊತ್ತು. ಚೆನ್ನಾಗಿ ಮಸೆದ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಕತ್ತಿಯ ಮೇಲೆ ಕೆಂಪು ಹತ್ತಿದರೆ ಸುಣ್ಣ ಕಡಿಮೆ ಎಂದು ಅರ್ಥ. ಇನ್ನಷ್ಟು ಸುಣ್ಣದ ನೀರು ಸೇರಿಸುತ್ತಾರೆ. ಕಬ್ಬಿಣದ ಪಾತ್ರೆಯಲ್ಲಿ ಮೈಲುತುತ್ತು ಕಲಸಬಾರದು ಎಂದು ಹೇಳುವುದಕ್ಕೂ ಕಾರಣ ಇದೇ.

ಪರಮಾಣು ರಚನೆಯ ಪಾಠವನ್ನು ಈ ಕತ್ತಿಯಿಂದ ಶುರು ಮಾಡಬೇಕು ಎಂಬುದು ನನ್ನ ಅಭಿಪ್ರಾಯ.

ಸಾಮಾನ್ಯವಾಗಿ ನಾವು ಹೆಸರುಗಳ ಪಟ್ಟಿಯಿಂದ ಶುರು ಮಾಡುತ್ತೇವೆ. ಡಾಲ್ಟನ್, ಥಾಮ್ಸನ್, ರುದರ್‌ಫೋರ್ಡ್, ಬೋರ್. ಮಕ್ಕಳು ಉರುಟು ಬಿಡಿಸಿ ಚುಕ್ಕೆ ಇಡುತ್ತಾರೆ. ಕ್ಯಾಲ್ಸಿಯಂ ಎಂದರೆ 2, 8, 8, 2 ಎಂದು ಬರೆದು ಮಾರ್ಕು ತೆಗೆಯುತ್ತಾರೆ. ಆದರೆ ಅದೇ ಮಕ್ಕಳಿಗೆ ಒಂದು ಮೈಲುತುತ್ತಿನ ಹರಳು, ಒಂದು ತುಂಡು ತಾಮ್ರದ ವಯರು ತೋರಿಸಿ ನೋಡಿ. ಇದರಲ್ಲೂ ತಾಮ್ರ, ಅದರಲ್ಲೂ ತಾಮ್ರ. ಹಾಗಾದರೆ ಒಂದು ನೀಲಿ, ಇನ್ನೊಂದು ಕೆಂಪು ಯಾಕೆ ಎಂದು ಕೇಳಿ. ಉರುಟು ಬಿಡಿಸಲು ಗೊತ್ತಿರುವ ಮಕ್ಕಳೂ ಇದಕ್ಕೆ ಉತ್ತರ ಹುಡುಕುತ್ತಾ ಕೂರುತ್ತಾರೆ. ಪಾಠದ ತಿರುಳು ಇರುವುದೇ ಈ ಪ್ರಶ್ನೆಯಲ್ಲಿ. ಪರಮಾಣುವಿನಲ್ಲಿ ಬದಲಾಗುವುದು ಯಾವುದು, ಬದಲಾಗದೆ ಉಳಿಯುವುದು ಯಾವುದು?

ಕ್ಲಾಸಿನಲ್ಲಿ ಕತ್ತಿ ಬೇಡ, ಮೊಳೆ ಸಾಕು. ಒಂದು ಗಾಜಿನ ಲೋಟದಲ್ಲಿ ನೀರು, ಅದಕ್ಕೆ ಒಂದು ಚಮಚ ಮೈಲುತುತ್ತು. ಸ್ಯಾಂಡ್ ಪೇಪರಿನಲ್ಲಿ ಉಜ್ಜಿದ ಕಬ್ಬಿಣದ ಮೊಳೆಯನ್ನು ಅದರಲ್ಲಿ ಇಳಿಬಿಡಿ. ಸತು ಲೇಪಿಸಿದ ಬೆಳ್ಳಗಿನ ಮೊಳೆ ಆಗಬಾರದು, ಕಪ್ಪು ಮೊಳೆಯೇ ಬೇಕು. ಮೈಲುತುತ್ತು ವಿಷ, ಆದ್ದರಿಂದ ಆ ಲೋಟವನ್ನು ಮತ್ತೆ ಯಾರೂ ಕುಡಿಯಲು ಬಳಸಬಾರದು, ಕೈಯನ್ನು ಸಾಬೂನು ಹಾಕಿ ತೊಳೆಯಬೇಕು. ಕೆಲವೇ ನಿಮಿಷಗಳಲ್ಲಿ ಮೊಳೆಯ ಮೇಲೆ ಕಂದುಗೆಂಪು ಪದರ ಕಾಣುತ್ತದೆ. ಹಾಗೇ ಬಿಟ್ಟರೆ ನೀಲಿ ಬಣ್ಣ ನಿಧಾನವಾಗಿ ಮಾಸಿ, ದ್ರಾವಣ ತಿಳಿ ಹಸಿರಿನ ಕಡೆ ಹೋಗುತ್ತದೆ.

ಮನೆಯಲ್ಲಿ ತುಳು, ಮಲಯಾಳ, ಬ್ಯಾರಿ, ಹವ್ಯಕ ಕನ್ನಡ ಏನೇ ಮಾತಾಡುವ ಮಗುವಾದರೂ ಇಲ್ಲಿ ಕೇಳುವ ಪ್ರಶ್ನೆ ಒಂದೇ. "ಟೀಚರ್, ಕಬ್ಬಿಣವೇ ತಾಮ್ರ ಆದದ್ದಾ?"

ಒಳ್ಳೆಯ ಪ್ರಶ್ನೆ. ಯುರೋಪಿನ ರಸವಾದಿಗಳಲ್ಲಿ ಕೆಲವರು ನಿಜವಾಗಿಯೂ ಹಾಗೆ ನಂಬಿದ್ದರು. ತಾಮ್ರದ ಗಣಿಯ ನೀಲಿ ನೀರಿನಲ್ಲಿ ಕಬ್ಬಿಣ ಇಟ್ಟರೆ ತಾಮ್ರ ಸಿಗುತ್ತಿತ್ತು, ಕಬ್ಬಿಣ ಸವೆದು ಹೋಗುತ್ತಿತ್ತು. ಕಣ್ಣಿಗೆ ಕಂಡದ್ದು ಅಷ್ಟೇ. ಒಂದು ಲೋಹ ಇನ್ನೊಂದಾಯಿತು ಎಂದು ಅವರು ಹೇಳಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಅದು ಹಾಗಲ್ಲ ಎಂದು ನಾವು ಇಂದು ಹೇಳುವುದಾದರೆ, ಯಾವ ಧೈರ್ಯದಿಂದ ಹೇಳುತ್ತೇವೆ?

ಅದಕ್ಕೆ ಉತ್ತರ ಸಿಗಲು ಪರಮಾಣುವಿನ ಒಳಗೆ ಏನಿದೆ ಎಂದು ನೋಡಬೇಕು. ನೋಡುವುದೆಂದರೆ ಕಣ್ಣಿನಿಂದ ಆಗುವ ಮಾತಲ್ಲ. ತಾಮ್ರದ ಪರಮಾಣುಗಳನ್ನು ಒತ್ತೊತ್ತಾಗಿ ಸಾಲು ಇಟ್ಟರೆ 1 ಸೆಂಟಿಮೀಟರಿಗೆ ಸುಮಾರು 4 ಕೋಟಿ ಬೇಕು. ಹೀಗಾಗಿ ವಿಜ್ಞಾನಿಗಳು ಅದನ್ನು ಕೆಣಕಿ, ಅದು ಏನು ಮಾಡುತ್ತದೆ ಎಂದು ನೋಡಿದರು.

ಮೊದಲು ಸಿಕ್ಕಿದ ಚೂರು

1897ರಲ್ಲಿ ಕೇಂಬ್ರಿಜ್‌ನಲ್ಲಿ ಜೆ.ಜೆ. ಥಾಮ್ಸನ್ ಗಾಜಿನ ಕೊಳವೆಯಿಂದ ಗಾಳಿಯನ್ನು ಬಹುಪಾಲು ತೆಗೆದು, ಅದರೊಳಗೆ ಜಾಸ್ತಿ ವೋಲ್ಟೇಜಿನ ಕರೆಂಟು ಹಾಯಿಸಿದರು. ಋಣ ತಗಡಿನಿಂದ ಒಂದು ಕಿರಣ ಹೊರಟಿತು. ಅದು ಧನ ವಿದ್ಯುತ್ತಿನ ಕಡೆ ಬಾಗಿತು. ಅಂದರೆ ಅದರಲ್ಲಿ ಋಣ ಕಣಗಳಿವೆ. ಎಲೆಕ್ಟ್ರಾನ್ ಎನ್ನುವುದು ಈ ಕಣವನ್ನೇ. ಇಷ್ಟನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಮಕ್ಕಳಿಗೆ ಒತ್ತಿ ಹೇಳಬೇಕಾದದ್ದು ಮುಂದಿನ ಮಾತು. ಕೊಳವೆಯೊಳಗಿನ ಅನಿಲ ಬದಲಾಯಿಸಿದರೂ, ತಗಡಿನ ಲೋಹ ಬದಲಾಯಿಸಿದರೂ, ಹೊರಬಂದ ಕಣ ಅದೇ. ಅದರ ವಿದ್ಯುತ್ತಿಗೂ ತೂಕಕ್ಕೂ ಇರುವ ಅನುಪಾತ ಬದಲಾಗಲೇ ಇಲ್ಲ. ಎಂದರೆ ಕಬ್ಬಿಣದಲ್ಲಿ ಇರುವ ಎಲೆಕ್ಟ್ರಾನ್ ಬೇರೆ, ತಾಮ್ರದಲ್ಲಿ ಇರುವುದು ಬೇರೆ ಎಂದು ಇಲ್ಲ. ಎಲ್ಲ ಧಾತುಗಳಲ್ಲೂ ಒಂದೇ ಬಗೆಯ ಎಲೆಕ್ಟ್ರಾನ್.

ಮೊಳೆಯ ಪ್ರಯೋಗಕ್ಕೆ ಇದು ಬಹಳ ಮುಖ್ಯ. ಕಬ್ಬಿಣದ ಪರಮಾಣು ಬಿಟ್ಟುಕೊಟ್ಟ ಎಲೆಕ್ಟ್ರಾನನ್ನು ತಾಮ್ರ ತೆಗೆದುಕೊಳ್ಳಲು ಸಾಧ್ಯವಾಗುವುದು ಇದರಿಂದಲೇ. ಎಲೆಕ್ಟ್ರಾನಿಗೆ ಯಾವ ಊರಿನದ್ದು ಎಂಬ ಗುರುತು ಇಲ್ಲ.

ಎಲೆಕ್ಟ್ರಾನಿಗೆ ತೂಕವೂ ಇಲ್ಲವೆನ್ನುವಷ್ಟು ಕಡಿಮೆ. ಪರಮಾಣುವಿನ ಧನ ಕಣವಾದ ಪ್ರೋಟಾನಿನ ತೂಕದ 1,836ರಲ್ಲಿ ಒಂದು ಭಾಗ. ತಾಮ್ರದಲ್ಲಿ 29 ಎಲೆಕ್ಟ್ರಾನ್ ಇವೆ. ಅಷ್ಟೂ ಸೇರಿದರೂ ಪರಮಾಣುವಿನ ತೂಕದಲ್ಲಿ 4,000ಕ್ಕೆ ಒಂದು ಪಾಲು ಮಾತ್ರ. ಹಾಗಾದರೆ ಉಳಿದ ತೂಕ ಎಲ್ಲಿದೆ? ಅದು ಪರಮಾಣುವಿನ ತುಂಬ ಹರಡಿಕೊಂಡಿದೆ ಎಂದು ಥಾಮ್ಸನ್ ಭಾವಿಸಿದ್ದರು. ಆ ಕಾಲಕ್ಕೆ ಅದು ತಪ್ಪು ಎನ್ನಲು ಯಾರ ಬಳಿಯೂ ಸಾಕ್ಷಿ ಇರಲಿಲ್ಲ.

ತಿರುಗಿ ಬಂದ ಕಣ

ಸಾಕ್ಷಿ ಸಿಕ್ಕಿದ್ದು ಮ್ಯಾಂಚೆಸ್ಟರಿನಲ್ಲಿ. ಅಲ್ಲಿ ಪ್ರೊಫೆಸರ್ ಆಗಿದ್ದ ರುದರ್‌ಫೋರ್ಡ್ 1908ರಲ್ಲೇ ನೊಬೆಲ್ ಪಡೆದಿದ್ದರು. ಅದೂ ರಸಾಯನಶಾಸ್ತ್ರಕ್ಕೆ! ಅವರ ಅತಿ ದೊಡ್ಡ ಕೆಲಸ ಬಂದದ್ದು ಆ ಬಹುಮಾನದ ನಂತರ. 1909ರಲ್ಲಿ ಅವರ ಜೊತೆಗಿದ್ದ ಗೈಗರ್ ಮತ್ತು 20 ವರ್ಷದ ವಿದ್ಯಾರ್ಥಿ ಮಾರ್ಸ್‌ಡೆನ್ ತೆಳುವಾದ ಲೋಹದ ಹಾಳೆಗಳ ಮೇಲೆ ಆಲ್ಫಾ ಕಣಗಳನ್ನು ಹಾಯಿಸಿ ನೋಡಿದರು. ಆಲ್ಫಾ ಎಂದರೆ ರೇಡಿಯಂನಂಥ ವಸ್ತುಗಳಿಂದ ತಾನಾಗಿ ಹೊರಡುವ, ಧನ ವಿದ್ಯುತ್ತಿನ, ಭಾರವಾದ ಕಣ. ಕಣ ಬಡಿದಾಗ ಸಣ್ಣದಾಗಿ ಮಿನುಗುವ ಪರದೆಯೊಂದನ್ನು ಇಟ್ಟುಕೊಂಡು, ಕತ್ತಲ ಕೋಣೆಯಲ್ಲಿ ಕೂತು, ಸೂಕ್ಷ್ಮದರ್ಶಕದ ಮೂಲಕ ಮಿನುಗುಗಳನ್ನು ಒಂದೊಂದಾಗಿ ಎಣಿಸಬೇಕಿತ್ತು. ಈಗಿನ ಹಾಗೆ ಯಂತ್ರ ಎಣಿಸುವ ಕಾಲ ಅಲ್ಲ.

ಬಹುತೇಕ ಕಣಗಳು ಹಾಳೆ ಇಲ್ಲವೇ ಇಲ್ಲ ಎಂಬಂತೆ ನೇರ ಹೋದವು. ಕೆಲವು ಸ್ವಲ್ಪ ಬಾಗಿದವು. ಸುಮಾರು 8,000ಕ್ಕೆ ಒಂದು ಕಣ ಮಾತ್ರ ಬಂದ ಕಡೆಗೇ ತಿರುಗಿತು.

ಇಲ್ಲಿ ನಿಲ್ಲಬೇಕು. ಪಾಠ ಮುಗಿಸುವ ಅವಸರದಲ್ಲಿ ಮೂರು ವೀಕ್ಷಣೆ, ಮೂರು ತೀರ್ಮಾನ ಎಂದು ಬೋರ್ಡಿನಲ್ಲಿ ಬರೆಸಿ ಮುಂದೆ ಹೋಗುವುದೇ ಹೆಚ್ಚು. ಅದರ ಬದಲು ಮಕ್ಕಳ ಕೈಗೇ ಈ ಲೆಕ್ಕ ಕೊಡಿ. ಧನ ವಿದ್ಯುತ್ತೂ ತೂಕವೂ ಪರಮಾಣುವಿನ ತುಂಬ ಹರಡಿದ್ದರೆ ವೇಗವಾಗಿ ಬರುವ ಭಾರದ ಕಣವನ್ನು ತಿರುಗಿಸುವ ಶಕ್ತಿ ಯಾವ ಒಂದು ಜಾಗದಲ್ಲೂ ಇರುವುದಿಲ್ಲ. ಒಂದಾದರೂ ಕಣ ತಿರುಗಿ ಬಂದಿದೆ ಎಂದರೆ, ಎಲ್ಲೋ ಒಂದು ಕಡೆ ಅದಕ್ಕಿಂತ ಭಾರದ, ಧನ ವಿದ್ಯುತ್ತು ಒತ್ತಿ ತುಂಬಿದ ವಸ್ತು ಇರಲೇಬೇಕು. 8,000ದಲ್ಲಿ ಒಂದಕ್ಕೆ ಮಾತ್ರ ಹಾಗಾಯಿತು ಎಂದರೆ, ಆ ವಸ್ತು ಬಹಳ ಸಣ್ಣದಿರಬೇಕು. 9ನೇ ಕ್ಲಾಸಿನ ಮಗು ಇದನ್ನು ತಾನೇ ಹೇಳಬಲ್ಲದು. ರುದರ್‌ಫೋರ್ಡ್ 1911ರಲ್ಲಿ ಹೇಳಿದ್ದೂ ಇದನ್ನೇ. ಆ ವಸ್ತುವಿಗೆ ನ್ಯೂಕ್ಲಿಯಸ್ ಎಂಬ ಹೆಸರು ಬಂತು.

ಎಷ್ಟು ಸಣ್ಣದು? ಬೇಕಲ ಕೋಟೆ ನೋಡದ ಮಕ್ಕಳು ನಮ್ಮ ಜಿಲ್ಲೆಯಲ್ಲಿ ಕಡಿಮೆ. ಸುಮಾರು 40 ಎಕರೆಯ ಕೋಟೆ ಅದು. ಅದರ ನಡುವೆ ಒಂದು ಕಾಳುಮೆಣಸು ಇಟ್ಟಿದ್ದೀರಿ ಎಂದುಕೊಳ್ಳಿ. ಆ ಕಾಳು ಹೈಡ್ರೋಜನಿನ ನ್ಯೂಕ್ಲಿಯಸ್ ಆದರೆ, ಪರಮಾಣುವಿನ ಅಗಲ ಸುಮಾರು 300 ಮೀಟರ್. ಕೋಟೆಯ ಅರ್ಧಕ್ಕೆ ಹತ್ತಿರದ ಭಾಗ ಅದರೊಳಗೆ ಬಂತು. ತಾಮ್ರದ ನ್ಯೂಕ್ಲಿಯಸ್ ಇದರ ಐದಾರು ಪಟ್ಟು ದೊಡ್ಡದು, ಅಲ್ಲಿ ಅದೇ ಕಾಳಿಗೆ 130 ಮೀಟರ್ ಚಿಲ್ಲರೆ ಬರುತ್ತದೆ. ಪುಸ್ತಕಗಳಲ್ಲಿ ಕಾಣುವ "1 ಲಕ್ಷ ಪಟ್ಟು" ಒಂದು ಅಂದಾಜು ಮಾತ್ರ. ಧಾತುವಿನಿಂದ ಧಾತುವಿಗೆ ಅದು ಬದಲಾಗುತ್ತದೆ. ಕಾಳಿನ ಹೊರಗಿನ ಅಷ್ಟೂ ಜಾಗದಲ್ಲಿ ಇರುವುದು ಎಲೆಕ್ಟ್ರಾನುಗಳು ಮಾತ್ರ.

ಹೆಸರು ಇರುವುದು ಎಲ್ಲಿ?

ಈಗ ನಮ್ಮ ಮೊಳೆಯ ಪ್ರಶ್ನೆಗೆ ಹತ್ತಿರ ಬಂದೆವು. ಒಂದು ಪರಮಾಣುವನ್ನು ತಾಮ್ರ ಎಂದು ಕರೆಯಲು ಕಾರಣವೇನು? ಬಣ್ಣವೇ? ಮೈಲುತುತ್ತು ನೀಲಿ, ಆದ್ದರಿಂದ ಬಣ್ಣ ಅಲ್ಲ. ತೂಕವೇ? ಬಹುಕಾಲ ಧಾತುಗಳನ್ನು ತೂಕದ ಕ್ರಮದಲ್ಲೇ ಜೋಡಿಸುತ್ತಿದ್ದರು. ಅದರಲ್ಲಿ ಕೆಲವು ಕಡೆ ತಕರಾರು ಬರುತ್ತಿತ್ತು. ಕೋಬಾಲ್ಟಿನ ತೂಕ 58.93, ನಿಕ್ಕೆಲಿನದ್ದು 58.69. ತೂಕ ನೋಡಿದರೆ ನಿಕ್ಕೆಲ್ ಮೊದಲು ಬರಬೇಕು. ಗುಣ ನೋಡಿದರೆ ಕೋಬಾಲ್ಟ್ ಮೊದಲು ಬರಬೇಕು.

ಈ ಗಂಟನ್ನು ಬಿಡಿಸಿದವರು ಹೆನ್ರಿ ಮೋಸ್ಲಿ. ನಮ್ಮ ಪಾಠಗಳಲ್ಲಿ ಇವರಿಗೆ ಸಿಗಬೇಕಾದಷ್ಟು ಜಾಗ ಸಿಗುವುದಿಲ್ಲ ಎಂಬ ಬೇಸರ ನನಗಿದೆ. 1913ರಲ್ಲಿ ಅವರು ಒಂದೊಂದೇ ಲೋಹಕ್ಕೆ ಎಲೆಕ್ಟ್ರಾನುಗಳನ್ನು ಬಡಿಸಿ, ಅದರಿಂದ ಬರುವ ಎಕ್ಸ್‌ರೇ ಅಳೆದರು. ಧಾತುವಿನಿಂದ ಧಾತುವಿಗೆ ಆ ಎಕ್ಸ್‌ರೇಯ ಕಂಪನ ಲೆಕ್ಕ ತಪ್ಪದೆ, ಒಂದೊಂದೇ ಹೆಜ್ಜೆಯಾಗಿ ಏರುತ್ತಾ ಹೋಯಿತು. ತೂಕದ ಹಾಗೆ ಅಡ್ಡಾದಿಡ್ಡಿ ಇಲ್ಲ. ಹೆಜ್ಜೆ ಒಂದು ಏರಿದರೆ ನ್ಯೂಕ್ಲಿಯಸ್ಸಿನ ಧನ ವಿದ್ಯುತ್ತು ಒಂದು ಏರಿದೆ ಎಂದು ಅರ್ಥ. ಕೋಬಾಲ್ಟ್ 27, ನಿಕ್ಕೆಲ್ 28, ತಾಮ್ರ 29. ತಕರಾರು ಮುಗಿಯಿತು. ಇಷ್ಟೇ ಅಲ್ಲ, 43, 61, 75ನೇ ಜಾಗಗಳು ಖಾಲಿ ಇವೆ, ಅಲ್ಲಿಗೆ ಬರಬೇಕಾದ ಧಾತುಗಳು ಇನ್ನೂ ಸಿಕ್ಕಿಲ್ಲ ಎಂದೂ ತೋರಿಸಿಕೊಟ್ಟರು. ಆಮೇಲೆ ಆ ಮೂರೂ ಸಿಕ್ಕಿದವು. ಮೋಸ್ಲಿ ಅದನ್ನು ನೋಡಲು ಉಳಿಯಲಿಲ್ಲ. ಮೊದಲ ಮಹಾಯುದ್ಧಕ್ಕೆ ಸೇರಿ 1915ರಲ್ಲಿ ಗಲಿಪೊಲಿಯಲ್ಲಿ ಸತ್ತರು. ವಯಸ್ಸು 27.

ಪರಮಾಣು ಸಂಖ್ಯೆ ಎಂದರೆ ಪ್ರೋಟಾನುಗಳ ಸಂಖ್ಯೆ ಎಂಬ ಒಂದು ಸಾಲಿನ ಹಿಂದೆ ಇಷ್ಟು ಕೆಲಸ ಇದೆ. ಹೆಸರು ಇರುವುದು ಪ್ರೋಟಾನಿನಲ್ಲಿ. 29 ಪ್ರೋಟಾನ್ ಇದ್ದರೆ ತಾಮ್ರ. ಅದು ಕೆಂಪಗಿರಲಿ, ನೀಲಿಯಾಗಿರಲಿ, ಎಲೆಕ್ಟ್ರಾನ್ 29 ಇರಲಿ, 27 ಇರಲಿ, ತಾಮ್ರವೇ. ಕಬ್ಬಿಣ ತಾಮ್ರವಾಗಬೇಕಾದರೆ 26 ಪ್ರೋಟಾನಿನ ನ್ಯೂಕ್ಲಿಯಸ್ಸಿಗೆ ಇನ್ನೂ ಮೂರು ಪ್ರೋಟಾನ್ ಸೇರಬೇಕು. ಲೋಟದ ನೀರಿನಲ್ಲಿ ಅಂಥ ಶಕ್ತಿ ಎಲ್ಲಿಂದ ಬರಬೇಕು? ಬೆಂಕಿಗೂ ಆಸಿಡ್ಡಿಗೂ ಸುಣ್ಣಕ್ಕೂ ನ್ಯೂಕ್ಲಿಯಸ್ಸನ್ನು ಮುಟ್ಟಲು ಆಗುವುದಿಲ್ಲ.

ಹಾಗಾದರೆ ಲೋಟದಲ್ಲಿ ನಡೆದದ್ದು ಇದು. ಮೈಲುತುತ್ತು ನೀರಿನಲ್ಲಿ ಕರಗಿದಾಗ ಅದರಲ್ಲಿರುವ ತಾಮ್ರ ಎರಡು ಎಲೆಕ್ಟ್ರಾನ್ ಕಳೆದುಕೊಂಡ ಸ್ಥಿತಿಯಲ್ಲಿರುತ್ತದೆ. ಪ್ರೋಟಾನ್ 29, ಎಲೆಕ್ಟ್ರಾನ್ 27. ಇದು ತಾಮ್ರದ ಅಯಾನು, ಎರಡು ಧನ. ಮೊಳೆಯ ಕಬ್ಬಿಣಕ್ಕೆ 26 ಪ್ರೋಟಾನ್, 26 ಎಲೆಕ್ಟ್ರಾನ್. ತಾಮ್ರಕ್ಕಿಂತ ಕಬ್ಬಿಣ ಎಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಎರಡು ಎಲೆಕ್ಟ್ರಾನ್ ಕೊಟ್ಟು 24ಕ್ಕೆ ಇಳಿದು, ಅಯಾನಾಗಿ ನೀರಿಗೆ ಇಳಿಯುತ್ತದೆ. ತಿಳಿ ಹಸಿರು ಬಣ್ಣ ಅದರದ್ದು. ಆ ಎರಡನ್ನು ಪಡೆದ ತಾಮ್ರ 29ಕ್ಕೆ 29 ಆಗಿ, ಲೋಹವಾಗಿ ಮೊಳೆಯ ಮೇಲೆ ಕೂರುತ್ತದೆ. ಕತ್ತಿಗೆ ಹತ್ತುವ ಕೆಂಪೂ ಇದೇ. ಸುಣ್ಣ ಸಾಕಷ್ಟು ಇದ್ದರೆ ತಾಮ್ರದ ಅಯಾನು ಕರಗದ ಹೈಡ್ರಾಕ್ಸೈಡ್ ಆಗಿ ತಳ ಹಿಡಿಯುತ್ತದೆ. ನೀರಿನಲ್ಲಿ ಬಿಡಿಯಾಗಿ ಓಡಾಡುವ ಅಯಾನು ಬಹಳ ಕಡಿಮೆಯಾಗುತ್ತದೆ. ಆದ್ದರಿಂದ ಕತ್ತಿ ಬೆಳ್ಳಗೇ ಬರುತ್ತದೆ.

ನೀಲಿಗೂ ಕೆಂಪಿಗೂ ನಡುವೆ ಇರುವುದು ಎರಡೇ ಎಲೆಕ್ಟ್ರಾನ್. ಹೆಸರು ಪ್ರೋಟಾನಿನದ್ದಾದರೆ ಸ್ವಭಾವ ಎಲೆಕ್ಟ್ರಾನಿನದ್ದು. ರಸಾಯನಶಾಸ್ತ್ರ ಎಂಬ ವಿಷಯ ಇರುವುದೇ ಹೊರಗಿನ ಎಲೆಕ್ಟ್ರಾನುಗಳ ಈ ಕೊಡುಕೊಳ್ಳುವಿಕೆಯಲ್ಲಿ.

ನ್ಯೂಕ್ಲಿಯಸ್ಸಿನಲ್ಲಿ ಪ್ರೋಟಾನಿನ ಜೊತೆಗಿರುವ ನ್ಯೂಟ್ರಾನಿನ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. 1932ರಲ್ಲಿ ಚಾಡ್ವಿಕ್ ಕಂಡುಹಿಡಿದರು. ವಿದ್ಯುತ್ತು ಇಲ್ಲದ್ದರಿಂದ ಇಷ್ಟು ತಡವಾಗಿ ಸಿಕ್ಕಿತು. ಹೆಸರಿಗೂ ಸ್ವಭಾವಕ್ಕೂ ಅದರ ಪಾಲು ಇಲ್ಲ ಎಂದೇ ಹೇಳಬಹುದು, ತೂಕಕ್ಕೆ ಇದೆ. ತಾಮ್ರದಲ್ಲಿ ಎರಡು ಬಗೆ. 34 ನ್ಯೂಟ್ರಾನ್ ಇರುವುದು ತಾಮ್ರ-63, ಇದು ಸುಮಾರು ಶೇ 69. 36 ಇರುವುದು ತಾಮ್ರ-65, ಸುಮಾರು ಶೇ 31. ಸರಾಸರಿ ತೆಗೆದರೆ 63.5. ಪುಸ್ತಕದಲ್ಲಿ ತಾಮ್ರದ ಮುಂದೆ 63.5 ಎಂದು ಓದಿ, ನ್ಯೂಟ್ರಾನ್ ಎಷ್ಟು ಎಂದು ಕೇಳಿದಾಗ 34.5 ಎಂದು ಬರೆಯುವ ಮಕ್ಕಳು ಪ್ರತಿ ವರ್ಷ ಸಿಗುತ್ತಾರೆ. ಅವರನ್ನು ಬೈದು ಪ್ರಯೋಜನ ಇಲ್ಲ. 63.5 ತೂಗುವ ತಾಮ್ರದ ಪರಮಾಣು ಲೋಕದಲ್ಲಿ ಒಂದೂ ಇಲ್ಲ ಎಂದು ಮೊದಲೇ ಹೇಳಿದ್ದರೆ ಸಾಕಿತ್ತು.

ಉರುಟುಗಳ ತಾಪತ್ರಯ

ಇನ್ನು ಆ ಉರುಟುಗಳು. ನ್ಯೂಕ್ಲಿಯಸ್ಸಿನ ಸುತ್ತ ಎಲೆಕ್ಟ್ರಾನ್ ಸುಮ್ನೆ ಸುತ್ತುತ್ತಿದ್ದರೆ, ಆಗಿನ ಭೌತಶಾಸ್ತ್ರದ ಪ್ರಕಾರ ಅದು ಬೆಳಕು ಸೂಸುತ್ತಾ ಶಕ್ತಿ ಕಳೆದುಕೊಂಡು ಕ್ಷಣಮಾತ್ರದಲ್ಲಿ ನ್ಯೂಕ್ಲಿಯಸ್ಸಿಗೆ ಬೀಳಬೇಕಿತ್ತು. ಬೀಳುತ್ತಿಲ್ಲ. 1913ರಲ್ಲಿ ನೀಲ್ಸ್ ಬೋರ್ ಇದಕ್ಕೆ ಒಂದು ದಾರಿ ಸೂಚಿಸಿದರು. ಎಲೆಕ್ಟ್ರಾನಿಗೆ ಕೆಲವು ನಿರ್ದಿಷ್ಟ ಶಕ್ತಿಮಟ್ಟಗಳಷ್ಟೇ ಉಂಟು, ನಡುವಿನದ್ದು ಇಲ್ಲ. ಮೇಲಿನ ಮಟ್ಟದಿಂದ ಕೆಳಗಿನದಕ್ಕೆ ಇಳಿದರೆ, ಎರಡರ ನಡುವಿನ ಶಕ್ತಿ ಬೆಳಕಾಗಿ ಹೊರಬರುತ್ತದೆ.

ಇದಕ್ಕೆ ಪುರಾವೆ ಅಡುಗೆಮನೆಯಲ್ಲೇ ಇದೆ. ಸಾರು ಉಕ್ಕಿ ಗ್ಯಾಸ್ ಒಲೆಗೆ ಚೆಲ್ಲಿದಾಗ ನೀಲಿ ಉರಿ ಹಳದಿಯಾಗುತ್ತದೆ, ಅಲ್ವಾ? ಉಪ್ಪಿನಲ್ಲಿರುವ ಸೋಡಿಯಂ ಮಾಡುವ ಕೆಲಸ ಅದು. ಸೋಡಿಯಂನ ಹೊರಗಿನ ಒಂದೇ ಎಲೆಕ್ಟ್ರಾನ್ ಬಿಸಿಗೆ ಮೇಲಿನ ಮಟ್ಟಕ್ಕೆ ಹಾರಿ, ಮತ್ತೆ ಇಳಿಯುವಾಗ 589 ನ್ಯಾನೋಮೀಟರ್ ಅಲೆಯುದ್ದದ ಹಳದಿ ಬೆಳಕು ಕೊಡುತ್ತದೆ. ಯಾವ ಊರಿನ ಉಪ್ಪಾದರೂ ಅದೇ 589. ಮಟ್ಟಗಳು ನಿಶ್ಚಿತವಾಗಿ ಇಲ್ಲದಿದ್ದರೆ ಬಣ್ಣ ಹೀಗೆ ನಿಶ್ಚಿತವಾಗಿ ಬರುತ್ತಿರಲಿಲ್ಲ. ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಿದರೆ ಇಂಥ ಒಂದೊಂದು ಬಣ್ಣ ಒಂದೊಂದು ಗೆರೆಯಾಗಿ ಕಾಣುತ್ತದೆ. ಹೈಡ್ರೋಜನ್ನಿನ ಕೆಂಪು ಗೆರೆ 656ರಲ್ಲಿ, ಹಸಿರುನೀಲಿ ಗೆರೆ 486ರಲ್ಲಿ. ಬೋರ್ ತಮ್ಮ ಲೆಕ್ಕದಿಂದ ಈ ಅಂಕಿಗಳನ್ನೇ ತಂದರು. ಜನ ನಂಬಿದ್ದು ಅದಕ್ಕೆ.

ಗೆರೆಗಳ ಮಾತು ಬಂದಾಗ ನಮ್ಮ ಕಡೆಯ ಒಂದು ಸಂಗತಿ ಹೇಳದೆ ಇರಲಾರೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದ ನೆರಳು ದಕ್ಷಿಣ ಭಾರತದ ಮೇಲೆ ಹಾದುಹೋಯಿತು. ಆಂಧ್ರದ ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್, ನಮ್ಮ ಜಮಖಂಡಿಯಲ್ಲಿ ಬ್ರಿಟನ್ನಿನ ಜಾನ್ ಹರ್ಷೆಲ್ ಬೆಳಕನ್ನು ಹೀಗೆ ಬಿಡಿಸಿ ತೋರಿಸುವ ರೋಹಿತದರ್ಶಕ ಹಿಡಿದು ನಿಂತಿದ್ದರು. ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಅವರು ಹೊಳೆಯುವ ಗೆರೆಗಳನ್ನು ಕಂಡರು. ಅದೇ ವರ್ಷ ಸೂರ್ಯನ ಹಳದಿ ಗೆರೆಯನ್ನು ಅಳೆದಾಗ, ಅದು ಸೋಡಿಯಂನ 589ಕ್ಕೆ ತಾಳೆಯಾಗಲಿಲ್ಲ. ಸ್ವಲ್ಪ ಈಚೆ, 587.5ರ ಆಸುಪಾಸು. ಹೊಸ ಧಾತು ಇರಬೇಕು ಎಂದು ಬ್ರಿಟನ್ನಿನ ಖಗೋಳ ವಿಜ್ಞಾನಿ ಲಾಕಿಯರ್ ಅದಕ್ಕೆ ಹೀಲಿಯಂ ಎಂದು ಹೆಸರಿಟ್ಟರು. ಭೂಮಿಯಲ್ಲಿ ಅದು ಕೈಗೆ ಸಿಕ್ಕಿದ್ದು 1895ರಲ್ಲಿ. ಎರಡು ನ್ಯಾನೋಮೀಟರಿಗೂ ಕಡಿಮೆ ವ್ಯತ್ಯಾಸವನ್ನು ಬಿಡದೆ ಹಿಡಿದದ್ದರಿಂದ ಒಂದು ಧಾತು ಸಿಕ್ಕಿತು.

ಆದರೆ ಬೋರ್ ಕೊಟ್ಟ ಚಿತ್ರದಲ್ಲಿ ಎಲ್ಲವೂ ಸರಿಯಿಲ್ಲ. ಎಲೆಕ್ಟ್ರಾನ್ ಗೆರೆ ಎಳೆದ ಹಾಗೆ ಉರುಟು ದಾರಿಯಲ್ಲಿ ಓಡುವುದಿಲ್ಲ. ಇಂಥ ಕಡೆ ಸಿಗುವ ಸಂಭವ ಜಾಸ್ತಿ, ಇಂಥ ಕಡೆ ಕಡಿಮೆ ಎಂದಷ್ಟೇ ಹೇಳಲು ಬರುತ್ತದೆ. ಉರುಟುಗಳನ್ನು ಬಿಡಿಸಲೇಬಾರದು ಎನ್ನುತ್ತಿಲ್ಲ. ಪರೀಕ್ಷೆಗೆ ಬೇಕು, ಎಣಿಸಲು ಸುಲಭ. ಪ್ರತಿ ಉರುಟು ಒಂದು ಶಕ್ತಿಮಟ್ಟದ ಗುರುತು, ದಾರಿಯ ನಕ್ಷೆ ಅಲ್ಲ ಎಂದು ಬಿಡಿಸುವಾಗಲೇ ಹೇಳಿಬಿಟ್ಟರೆ, ಮುಂದೆ ಪ್ಲಸ್ ಒನ್‌ಗೆ ಹೋದ ಮಕ್ಕಳು ಕಲಿತದ್ದನ್ನು ಮರೆಯಬೇಕಾದ ಕಷ್ಟ ತಪ್ಪುತ್ತದೆ.

ಇನ್ನೊಂದು ತಾಪತ್ರಯ ಪೊಟಾಸಿಯಂ. ಮೂರನೇ ಕವಚದಲ್ಲಿ, ಅಂದರೆ ಮೂರನೇ ಉರುಟಿನಲ್ಲಿ, 18 ಎಲೆಕ್ಟ್ರಾನಿಗೆ ಜಾಗ ಇದೆ ಎಂದು ಕಲಿಸುತ್ತೇವೆ. ಮರುದಿನ 19 ಎಲೆಕ್ಟ್ರಾನಿನ ಪೊಟಾಸಿಯಂಗೆ 2, 8, 8, 1 ಎಂದು ಬರೆಸುತ್ತೇವೆ. 2, 8, 9 ಯಾಕಲ್ಲ ಎಂದು ಕೇಳುವ ಮಗು ಕ್ಲಾಸಿನಲ್ಲಿ ಒಬ್ಬರಾದರೂ ಇರುತ್ತಾರೆ. "ಹೊರಗಿನ ಕವಚದಲ್ಲಿ 8ಕ್ಕಿಂತ ಜಾಸ್ತಿ ಇರಬಾರದು" ಎಂದು ಬಾಯಿ ಮುಚ್ಚಿಸುವುದು ಸುಲಭ. ಅದು ಉತ್ತರವಲ್ಲ, ನಿಯಮವನ್ನೇ ಮತ್ತೆ ಹೇಳಿದ್ದು.

ನಿಜವಾದ ಕಾರಣ ಹೇಳಲು ಕಷ್ಟವೇನಿಲ್ಲ. ಕವಚಗಳ ಒಳಗೆ ಉಪಕವಚಗಳಿವೆ. ಎಸ್ ಎಂಬುದರಲ್ಲಿ 2, ಪಿಯಲ್ಲಿ 6, ಡಿಯಲ್ಲಿ 10, ಎಫ್‌ನಲ್ಲಿ 14 ಎಲೆಕ್ಟ್ರಾನ್ ಹಿಡಿಯುತ್ತವೆ. ಎಲೆಕ್ಟ್ರಾನ್ ನೋಡುವುದು ಕವಚದ ನಂಬ್ರವನ್ನಲ್ಲ, ಎಲ್ಲಿ ಶಕ್ತಿ ಕಡಿಮೆ ಸಾಕು ಎಂಬುದನ್ನು. ಮೂರನೇ ಕವಚದ ಎಸ್ ಮತ್ತು ಪಿ ತುಂಬಿ 8 ಆದ ಮೇಲೆ, ಮೂರನೆಯದರ ಡಿಗಿಂತ ನಾಲ್ಕನೆಯದರ ಎಸ್ ಕೆಳಗಿದೆ. 19ನೇ ಎಲೆಕ್ಟ್ರಾನ್ ಅಲ್ಲಿಗೆ ಹೋಗುತ್ತದೆ. ಅಲ್ಲಿ ಎರಡು ತುಂಬಿದ ಮೇಲೆ, 21ನೇ ಧಾತು ಸ್ಕ್ಯಾಂಡಿಯಂನಿಂದ, ಬಾಕಿ ಇದ್ದ ಡಿ ತುಂಬತೊಡಗುತ್ತದೆ.

ಕಬ್ಬಿಣ ಬರುವ ಹೊತ್ತಿಗೆ ಡಿಯಲ್ಲಿ 6, ನಾಲ್ಕನೇ ಎಸ್‌ನಲ್ಲಿ 2. ಕವಚದ ಲೆಕ್ಕದಲ್ಲಿ 2, 8, 14, 2. ಇದೇ ಲೆಕ್ಕ ಹಿಡಿದರೆ ತಾಮ್ರಕ್ಕೆ ಡಿಯಲ್ಲಿ 9, ಎಸ್‌ನಲ್ಲಿ 2 ಬರಬೇಕು. ಹಾಗೆ ಬರುವುದಿಲ್ಲ. ಡಿಯನ್ನು ಪೂರ್ತಿ 10 ಮಾಡಿಕೊಂಡು, ಎಸ್‌ನಲ್ಲಿ 1 ಇಟ್ಟುಕೊಳ್ಳುತ್ತದೆ. 2, 8, 18, 1. ತುಂಬಿದ ಡಿಗೆ ಶಕ್ತಿ ಸ್ವಲ್ಪ ಕಡಿಮೆ ಸಾಕು, ಅದಕ್ಕೆ. ತಾಮ್ರ ಅಯಾನಾಗುವಾಗ ಹೊರಗಿನ ಆ 1 ಮೊದಲು ಹೋಗುತ್ತದೆ, ಆಮೇಲೆ ಡಿಯಿಂದ ಒಂದು. ಡಿಯಲ್ಲಿ 9 ಉಳಿದು ಒಂದು ಜಾಗ ಖಾಲಿಯಾಗುತ್ತದೆ.

ನೀಲಿ ಬರುವುದು ಆ ಖಾಲಿ ಜಾಗದಿಂದ. ಅಯಾನಿನ ಸುತ್ತ ನೀರಿನ ಅಣುಗಳು ಅಂಟಿಕೊಂಡಾಗ, ಡಿಯ ಎಲೆಕ್ಟ್ರಾನುಗಳೆಲ್ಲ ಒಂದೇ ಮಟ್ಟದಲ್ಲಿ ಉಳಿಯದೆ ಸ್ವಲ್ಪ ಮೇಲೆ ಕೆಳಗೆ ಆಗುತ್ತವೆ. ಕೆಳಗಿನ ಎಲೆಕ್ಟ್ರಾನ್ ಕೆಂಪು ಕಡೆಯ ಬೆಳಕನ್ನು ಹೀರಿ ಮೇಲಿನ ಖಾಲಿ ಜಾಗಕ್ಕೆ ಏರುತ್ತದೆ. ಕೆಂಪು ಹೋದ ಬಿಳಿ ಬೆಳಕಿನಲ್ಲಿ ನಮಗೆ ಕಾಣಲು ಉಳಿಯುವುದು ನೀಲಿ. ಪಕ್ಕದ ಧಾತು ಸತುವಿನ ಅಯಾನಿನಲ್ಲಿ ಡಿ ಪೂರ್ತಿ 10, ಏರಲು ಜಾಗವೇ ಇಲ್ಲ. ಸತುವಿನ ಸಲ್ಫೇಟ್ ಬೆಳ್ಳಗಿದೆ.

ನೀರಿನ ಪಾತ್ರವನ್ನು ಮಕ್ಕಳು ನಂಬದಿದ್ದರೆ ಒಂದು ಚಿಟಿಕೆ ಮೈಲುತುತ್ತನ್ನು ಪರೀಕ್ಷಾನಳಿಕೆಯಲ್ಲಿ ಹದವಾಗಿ ಬಿಸಿ ಮಾಡಿ. ಹರಳಿನೊಳಗಿನ ನೀರು ಹಬೆಯಾಗಿ ಹೋದ ಹಾಗೆ ನೀಲಿ ಮಾಯವಾಗಿ ಬಿಳಿ ಪುಡಿ ಉಳಿಯುತ್ತದೆ. ತಣಿದ ಮೇಲೆ ಒಂದು ಹನಿ ನೀರು ಬಿಟ್ಟರೆ ಮತ್ತೆ ನೀಲಿ. ಅಷ್ಟು ಹೊತ್ತೂ ತಾಮ್ರದ 29 ಪ್ರೋಟಾನುಗಳು ಇದ್ದ ಹಾಗೇ ಇದ್ದವು. 27 ಎಲೆಕ್ಟ್ರಾನುಗಳ ಸಂಖ್ಯೆಯೂ ಬದಲಾಗಲಿಲ್ಲ. ಬದಲಾದದ್ದು ಅವುಗಳ ಮಟ್ಟ ಮಾತ್ರ.

ಹೆಸರು ಬದಲಾಗುವುದೇ ಇಲ್ಲವೇ?

ಬದಲಾಗುತ್ತದೆ, ಅಪರೂಪಕ್ಕೆ. ಅದೂ ನ್ಯೂಕ್ಲಿಯಸ್ ತಾನೇ ಒಡೆದಾಗ. ಕೇರಳದ ತೆಂಕು ಕರಾವಳಿಯಲ್ಲಿ, ಕೊಲ್ಲಂ ಹತ್ತಿರದ ಚವರದ ಕಪ್ಪು ಮರಳಿನಲ್ಲಿ ಮೋನಜೈಟ್ ಎಂಬ ಖನಿಜ ಇದೆ. ಅದರಲ್ಲಿ ಥೋರಿಯಂ ಇದೆ, 90 ಪ್ರೋಟಾನಿನದ್ದು. ಥೋರಿಯಂ ನ್ಯೂಕ್ಲಿಯಸ್ಸಿನಿಂದ ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಒಟ್ಟಿಗೆ ಸಿಡಿದು ಹೊರಬರುತ್ತವೆ. ರುದರ್‌ಫೋರ್ಡ್ ಬಳಸಿದ ಆಲ್ಫಾ ಕಣ ಇದೇ. ಉಳಿದದ್ದು 88 ಪ್ರೋಟಾನ್. ಅದು ಥೋರಿಯಂ ಅಲ್ಲ, ರೇಡಿಯಂ. ರಸವಾದಿಗಳು ಹುಡುಕಿದ ಸಂಗತಿ ಕೊಲ್ಲಂನ ಮರಳಿನಲ್ಲಿ ಸದ್ದಿಲ್ಲದೆ ನಡೆಯುತ್ತಲೇ ಇದೆ. ಆದರೆ ಬಹಳ ನಿಧಾನ. ಇರುವ ಥೋರಿಯಂ ಅರ್ಧಕ್ಕೆ ಇಳಿಯಲು ಸುಮಾರು 1,400 ಕೋಟಿ ವರ್ಷ ಬೇಕು.

ನಮ್ಮ ತೋಟದ ತಾಮ್ರ ಹಾಗಲ್ಲ. 63, 65 ಎರಡೂ ಸ್ಥಿರ. ಅಡಿಕೆ ಗೊನೆಗೆ ಹೊಡೆದ ತಾಮ್ರ ಮಳೆಗೆ ತೊಳೆದು ಮಣ್ಣಿಗೆ ಇಳಿಯುತ್ತದೆ. ಕೆಲವು ಕೀಟನಾಶಕಗಳ ಅಣುಗಳನ್ನು ಮಣ್ಣಿನ ಜೀವಿಗಳು ಒಡೆದು ಹಾಕುತ್ತವೆ. ತಾಮ್ರವನ್ನು ಯಾವ ಜೀವಿಯೂ ಒಡೆಯಲಾರದು. ಎಲೆಕ್ಟ್ರಾನ್ ಕೊಡಬಹುದು, ತೆಗೆಯಬಹುದು, ಬೇರೆ ಅಣುವಿಗೆ ಕಟ್ಟಿ ಹಾಕಬಹುದು, ಅಷ್ಟೇ. ಸ್ವಲ್ಪ ಬೆಳೆಯೊಂದಿಗೆ, ಸ್ವಲ್ಪ ನೀರಿನೊಂದಿಗೆ ಹೊರಗೆ ಹೋಗುತ್ತದೆ. ಉಳಿದದ್ದು ಮಣ್ಣಿನಲ್ಲೇ ಸೇರುತ್ತಾ ಬರುತ್ತದೆ. ಗಿಡಕ್ಕೆ ತಾಮ್ರ ಅತ್ಯಲ್ಪ ಬೇಕು, ಜಾಸ್ತಿಯಾದರೆ ಬೇರಿಗೂ ಮಣ್ಣಿನ ಜೀವಿಗಳಿಗೂ ತೊಂದರೆ.

ಮನೆಯಲ್ಲಿ ತೋಟ ಇರುವ ಮಕ್ಕಳಿಗೆ ಕೊಡಲು ಇಲ್ಲೊಂದು ಲೆಕ್ಕ ಇದೆ. ಮೈಲುತುತ್ತಿನ ಹರಳಿನ ತೂಕದಲ್ಲಿ ಸುಮಾರು ಕಾಲು ಭಾಗ ತಾಮ್ರ, ಉಳಿದದ್ದು ಗಂಧಕ, ಆಮ್ಲಜನಕ ಮತ್ತು ನೀರು. 1 ಕಿಲೋ ಎಂದರೆ 250 ಗ್ರಾಂ ತಾಮ್ರ. ಪರಮಾಣುಗಳ ಲೆಕ್ಕದಲ್ಲಿ 24ರ ಮುಂದೆ 23 ಸೊನ್ನೆ. ಈ ವರ್ಷ ಎಷ್ಟು ಡ್ರಮ್ ಮದ್ದು ಬಿಟ್ಟದ್ದು, ಎಷ್ಟು ಸಲ ಬಿಟ್ಟದ್ದು, ತೋಟ ಎಷ್ಟು ಎಕರೆ ಎಂದು ಅಪ್ಪನನ್ನೋ ಅಜ್ಜನನ್ನೋ ಕೇಳಿ ಬರಲಿ. ಎಕರೆಗೆ ವರ್ಷಕ್ಕೆ ಎಷ್ಟು ಗ್ರಾಂ ತಾಮ್ರ ಬಿತ್ತು ಎಂದು ಲೆಕ್ಕ ಹಾಕಲಿ. ಮಣ್ಣು ಪರೀಕ್ಷೆ ಮಾಡಿಸಿದ ಕಾಗದ ಮನೆಯಲ್ಲಿ ಇದ್ದರೆ ಅದನ್ನೂ ತರಲಿ. ಸೂಕ್ಷ್ಮ ಪೋಷಕಾಂಶಗಳನ್ನೂ ನೋಡಿದ್ದರೆ ಅದರಲ್ಲಿ ತಾಮ್ರಕ್ಕೆ ಒಂದು ಸಾಲು ಇರುತ್ತದೆ.